ಒಂದೇ ಡಬ್ಬಿಯ ಮಾತ್ರೆ

ಹೃದ್ರೋಗದ ಹೊಸ ಮಾತ್ರೆಯ ಪ್ರಯೋಗಕ್ಕೆ ಸೇರಲೋ ಬೇಡವೋ ಎಂದು ಆಸ್ಪತ್ರೆಯಲ್ಲಿ ಒಪ್ಪಿಗೆ ಪತ್ರ ಹಿಡಿದು ಕೂತಿದ್ದ ಬಸ್ ಚಾಲಕನ ಕಿವಿ ಪಕ್ಕದ ಬೆಂಚಿನತ್ತ ವಾಲಿತು. ಆರು ತಿಂಗಳಿಂದ ಅದೇ ಪ್ರಯೋಗದಲ್ಲಿದ್ದ ಅಕ್ಕ ತಂಗಿ ಅಲ್ಲಿ ಪಿಸುಗುಡುತ್ತಿದ್ದರು.

“ಇವತ್ತು ಉಳಿದ ಮಾತ್ರೆ ಎಣಿಸ್ತಾರಂತೆ ಕಣೇ,” ಅಂದಳು ಅಕ್ಕ. “ನಾನು ನಮ್ಮಿಬ್ಬರ ಸೀಸೆನೂ ಒಂದೇ ಡಬ್ಬಿಗೆ ಸುರಿದುಬಿಟ್ಟಿದ್ದೀನಿ.”

“ಯಾವಾಗ?”

“ಮೊದಲ್ನೇ ದಿನಾನೇ. ದಿನಾ ನಿಂಗೆ ಕೊಡ್ತಿದ್ದಿದ್ದು ಅದರಿಂದ್ಲೇ. ಒಬ್ಬರಿಗೆ ನಿಜವಾದ ಮದ್ದು, ಇನ್ನೊಬ್ಬರಿಗೆ ಬರೀ ಸಕ್ಕರೆ ಗುಳಿಗೆ ಸಿಕ್ಕಿರಬಹುದು ಅಂದಿದ್ರಲ್ಲ. ಹಂಚ್ಕೊಂಡು ತಿನ್ನಿ ಅಂತ ಅಮ್ಮ ಹೇಳಿರ್ಲಿಲ್ವಾ?”

“ಅಮ್ಮ ಹೇಳಿದ್ದು ತಿಂಡಿಗೆ, ಪುಣ್ಯಾತ್ಗಿತ್ತಿ! ಎದೆ ಹಗುರಾಗಿದೆ, ನಂದೇ ನಿಜವಾದ್ದು ಅಂತ ಡಾಕ್ಟರ್ ಮುಂದೆ ಮೆರೆದಿದ್ದೆ.”

“ಮೆರಿ. ಅದರಲ್ಲಿ ಅರ್ಧ ನಂದು.”

“ನಿಜ ಹೇಳಿದ್ರೆ ಇಬ್ಬರನ್ನೂ ಆಚೆ ಹಾಕ್ತಾರೆ ಅಕ್ಕಾ.”

“ಹೇಳದಿದ್ರೆ ನಮ್ಮಿಬ್ಬರ ರಿಪೋರ್ಟ್ ನಂಬ್ಕೊಂಡು, ಮದ್ದಿಗೂ ಸಕ್ಕರೆ ಗುಳಿಗೆಗೂ ವ್ಯತ್ಯಾಸಾನೇ ಇಲ್ಲ, ಈ ಮದ್ದೇ ದಂಡ ಅಂತ ಬರೀತಾರೆ. ಆಮೇಲೆ ಯಾರಿಗೂ ಸಿಗಲ್ಲ.”

ಅಷ್ಟರಲ್ಲಿ ಒಳಗಿನಿಂದ ನರ್ಸ್ ಕರೆದಳು. ಅಕ್ಕ ಏಳುವ ಮೊದಲೇ ತಂಗಿ ಡಬ್ಬಿ ಕಿತ್ತುಕೊಂಡು ಎದ್ದಳು.

“ಇಬ್ಬರೂ ಸೇರಿ ಸುರಿದ್ವಿ ಅಂತ ನಾನೇ ಹೇಳ್ತೀನಿ. ನೀನು ಬಾಯಿ ಬಿಡಬೇಡ.”

“ಯಾಕೆ?”

“ಬೈಗುಳಾನೂ ಅರ್ಧರ್ಧ ತಿನ್ನೋಣ, ನಡಿ.”