ಪಾವಟಿಗಿ ಮ್ಯಾಲ ಸುರುವಿದ ಅಕ್ಕಿ

...ಹೌದ್ರೋ, ಶಾರದಾಬಾಯಿ ಕಂಡ್ರ ನನಗ ಆಗತಿದ್ದಿಲ್ಲ, ಸುಳ್ಳ್ಯಾಕ ಹೇಳ್ಲಿ? ಗ್ರಾಂಟ್ ರೋಡಿನ ಚಾಳಿನ್ಯಾಗ ನಮ್ಮ ಬಾಜೂ ಖೋಲಿ ಮರಾಠಿ ಹೆಣ್ಣಮಗಳು. ನಳದ ಮುಂದ ಆಕಿ ಕೊಡಾ ಮೊದಲೋ ನನ್ನ ಕೊಡಾ ಮೊದಲೋ ಅಂತ ದಿನಾ ಜಗಳ. ಆದ್ರ ಆಕಿ ಅವತ್ತ ಮಾಡಿದ್ದು ಚಾಳಿನ ಮೀಸಿ ಗಂಡಸ್ರ ಕೈಲೂ ಆಗಲಿಲ್ಲ, ತಿಳೀತಿಲ್ಲೋ? ಮುಂಬಯಿ ಮರಾಠ್ಯಾರದೋ ಗುಜರಾತ್ಯಾರದೋ ಅಂತ ಹೊಡದಾಡೂ ದಿನಾ ಅವು. ಟ್ರಾಮಿಗೆ ಬೆಂಕಿ, ಪೊಲೀಸ್ರ ಗುಂಡು. ಆಕಿ ಮಗ ವಸಂತ ಮೋರ್ಚಾಕ್ಕ ಹೋಗಿ ತೊಡಿಗೆ ಗುಂಡು ತಿಂದು ದವಾಖಾನ್ಯಾಗ ಬಿದ್ದಿದ್ದ. ನಮ್ಮ ಮ್ಯಾಲಿನ ಮಾಳಿಗ್ಯಾಗ ಜಮುನಾ, ಗುಜರಾತಿ ಹುಡುಗಿ, ಹಸಿ ಬಾಣಂತಿ. ಗಂಡ ಸೂರತ್ತಿಗೆ ಹೋದಾಂವ ಬಂದಿದ್ದಿಲ್ಲ. ನಾ ಏನ ಮಾಡಿದೆ? ನಳದ ಮುಂದ ನಿಂತು, 'ಗುಜರಾತ್ಯಾಕಿ ಚಿಲಕಾ ಹಾಕ್ಕೊಂಡು ಮ್ಯಾಲ ಒಬ್ಬಾಕೀನ ಕುಂತಾಳ' ಅಂದೆ. ನನ್ನ ಬಾಯಿ ಗೊತ್ತದಲ್ಲ ನಿಮಗ. ರಸ್ತಾದಾಗಿನವರಿಗೂ ಕೇಳಿಸ್ತು.

ಮಧ್ಯಾಹ್ನ ಬಂದೇಬಿಟ್ರು, ಹತ್ತು... ಅಲ್ಲ, ಹದಿನೈದು ಹುಡುಗರು, ಕೈಯಾಗ ಬಡಿಗಿ. 'ಎಲ್ಲಿ ಆ ಗುಜರಾತಿ ಖೋಲಿ?' ಅಂತ ಒದರಿದ್ರು. ಶಾರದಾಬಾಯಿ ಮಾಳಿಗಿ ಏರೂ ಪಾವಟಿಗಿ ಮ್ಯಾಲ ಕುಂತು ರೇಶನ್ ಅಕ್ಕಿ ಆರಸ್ತಿದ್ಲು. ಏಳಲಿಲ್ಲ. ಮೊರದಾಗಿನ ಅಕ್ಕಿ ಎಲ್ಲಾ ಪಾವಟಿಗಿ ಮ್ಯಾಲ ಸುರುವಿಬಿಟ್ಲು! ಏರಾಕ ಹೊಂಟ ಹುಡುಗ ಎತ್ತಿದ ಕಾಲು ಎತ್ತಿದಂಗ ನಿಂತ. 'ಮಾವಶಿ, ಬಾಜೂ ಸರಿ. ನಮ್ಮವರಿಗೆ ಗುಂಡು ಹೊಡದಾರ!'

'ಹೊಡದದ್ದು ನನ್ನ ಮಗಗ. ಜಮುನಾ ಹೊಡದಳೇನು? ಮೊಲಿ ಕುಡಸಾಕತ್ತಾಳ ಆಕಿ! ಮ್ಯಾಲ ಹೋಗಾವರು ಅನ್ನಾ ತುಳದು ಹೋಗ್ರಿ.'

ಹಸಿದ ಮಕ್ಕಳು ಅವು, ಅನ್ನಕ್ಕ ಕಾಲು ಹಚ್ತಾವೇನು? ಆದ್ರ ಹಿಂದಿನಾಂವ ಒಬ್ಬ ಹರಾಮಿ ಬಡಿಗೀಲೆ ಅಕ್ಕಿ ಸರಸಾಕ ಹತ್ತಿದ. ಆಗ ಆಕಿ ನನ್ನ ಕಡೆ ಹೊಳ್ಳಿದ್ಲು. 'ಏ ಕಾನಡಿ, ಬಾಗಲಾ ಹಿಡಕೊಂಡು ತಮಾಶಾ ನೋಡ್ತೀ? ಪಾವಟಿಗಿ ಅಗಲ ಅದ, ನಾ ಒಬ್ಬಾಕಿ ಸಾಲೂದಿಲ್ಲ. ಬಾ, ಕೂಡು!'

ಹೋದ್ನೆಪಾ. ಆಕಿ ಬಾಜೂಕ ಕುಂತೆ. ನನ್ನ ನೋಡಿ ಮಂಗಳೂರು ಕಡೆ ಸುಶೀಲಾ ಬಂದ್ಲು, ಆಮ್ಯಾಲ ಕೆಳಗಿನ ಖೋಲಿ ಮುದುಕಿ. ಪಾವಟಿಗಿ ತುಂಬ ಹೆಂಗಸರು, ಸೀರಿಗೆ ಸೀರಿ ಹಚ್ಚಿ. ಕುಂತವರನ್ನ ದಾಟಿ ಹೆಂಗ ಹೋಗ್ತಾರ? ಬೈಕೋತ ಇಳದ್ರು. ಜಮುನಾ ಉಳದ್ಲು, ಕೂಸು ಉಳೀತು.

ಹಂತಾಕಿ ಶಾರದಾಬಾಯಿ. ಮರುದಿನಾ ನಳದ ಮುಂದ ಮತ್ತ ಬೈದ್ಲು ನನಗ, ಅದು ಬ್ಯಾರೆ. ತಿಳ್ಕೋರಿ ಮಕ್ಕಳ್ರಾ, ಧೈರ್ಯದ ಮಂದೀನ್ನ ಹೊಗಳೂದು ಆಮ್ಯಾಲ ಆಗ್ತದ. ಮೊದಲ ಹೋಗಿ ಬಾಜೂಕ ಕೂಡ್ರಿ.