ನನ್ನ ಸೈಕಲ್ಲಿನ ಹಿಂದಿನ ದೀಪ ಆರಿರಲಿಲ್ಲ ಎಂಬ ಬಗ್ಗೆ

ಹೆಸರು ಹಿಲ್ಟ್ಯೆ ಪೋಸ್ತುಮಾ. ವಯಸ್ಸು 78. ಕಸುಬು: ಮೊದಲು ಹಾಲು ಕರೆಯುವುದು, ಈಗ ಮಗಳ ಬುದ್ಧಿಮಾತು ಕೇಳುವುದು. ವಾಸ: ಏರಿ ರಸ್ತೆಯ ಕೊನೆಯ ಮನೆ, ಯೆಲ್ಸ್‌ವಾರ್ಡ್, ಫ್ರೀಸ್‌ಲ್ಯಾಂಡ್. ಠಾಣೆಗೆ ನಾನಾಗಿಯೇ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಸೈಕಲ್ಲಿನ ಹಿಂದಿನ ಕೆಂಪು ದೀಪವನ್ನು ನಮ್ಮೂರ ಸೈಕಲ್ ರಿಪೇರಿಯ ಊನೆ ಇಪ್ಪತ್ತೆರಡು ವರ್ಷದ ಹಿಂದೆ ಕೂರಿಸಿದ. ಬ್ಯಾಟರಿ ಇಲ್ಲ. ಚಕ್ರ ತಿರುಗಿದರೆ ಉರಿಯುತ್ತದೆ, ನಿಂತ ಮೇಲೂ ಸ್ವಲ್ಪ ಹೊತ್ತು ಉರಿಯುತ್ತದೆ. ಒಂದೇ ಸಲ ಆರಿತ್ತು, ಕುರಿ ತಂತಿ ಕಚ್ಚಿದಾಗ. ಅದು ಕುರಿಯ ತಪ್ಪು. ನನ್ನ ಕಣ್ಣಿನ ಪೊರೆ ತೆಗೆಸಿದ ಮೇಲೆ ಮಗಳು ಸ್ಯೋಕ್ಯೆ ಷರತ್ತು ಹಾಕಿದ್ದಾಳೆ: ಒಂದು ದಿನ ದೀಪವಿಲ್ಲದೆ ಓಡಿಸಿದರೂ ಸೈಕಲ್ ಮಾರಿಬಿಡುವುದು.

ನಿನ್ನೆ ಊನೆಯ ಎಂಬತ್ತನೇ ಹುಟ್ಟುಹಬ್ಬ. ನಮ್ಮೂರ ಪದ್ಧತಿಯಂತೆ ದುಂಡಗೆ ಕುರ್ಚಿ ಹಾಕಿ ಕೂತು, ಅವನಿಗೂ, ಅವನ ಹೆಂಡತಿಗೂ, ಅವನ ಪಕ್ಕದ ಮನೆಯವರಿಗೂ ಶುಭಾಶಯ ಹೇಳಿ, ಕಾಫಿ ಕುಡಿದೆವು. ಕೇಕು ತಲೆಗೆ ಒಂದೇ ತುಂಡು. ಬಂದವರ ಸೈಕಲ್ಲೆಲ್ಲ ಅವನೇ ಮಾರಿದ್ದು, ಎಲ್ಲ ಕಪ್ಪು, ಎಲ್ಲ ಒಂದೇ ಎತ್ತರ. ಕೀಲಿ ಬೀಗದಲ್ಲೇ ಬಿಟ್ಟು ಬೇಲಿಗೆ ಒರಗಿಸಿದ್ದೆವು. ಕಾಫಿ ಲೋಟ ತೊಳೆದು ನಾನು ಕೊನೆಗೆ ಹೊರಟೆ. ಉಳಿದಿದ್ದು ಒಂದೇ ಸೈಕಲ್. ಹತ್ತಿದೆ.

ಸಂಜೆ 6-10ಕ್ಕೆ ಕಾಲುವೆಯ ಸೇತುವೆ ಬಳಿ ಈ ಠಾಣೆಯ ಅಧಿಕಾರಿಯೊಬ್ಬರು ತಡೆದು, "ಅಜ್ಜೀ, ಹಿಂದಿನ ದೀಪ ಎಲ್ಲಿ?" ಎಂದರು.

"ನೀನು ಸೈಕಲ್ ಕಲಿಯೋಕೆ ಮುಂಚಿಂದ ಉರೀತಿದೆ ಕಣಪ್ಪಾ, ಕನ್ನಡಕ ಒರೆಸ್ಕೊ" ಎಂದೆ.

ಇಳಿದು ನೋಡಿದರೆ ಕತ್ತಲು. ಅವರು ದಂಡದ ಚೀಟಿ ಕೊಟ್ಟರು. ಸೈಕಲ್ ತಳ್ಳಿಕೊಂಡೇ ಮನೆ ಸೇರಿದೆ. ಊಟ ಸೇರಲಿಲ್ಲ. ಮಗಳಿಗೆ ನಾನೇ ಫೋನಿನಲ್ಲಿ ತಿಳಿಸಿದೆ. ಬೆಳಿಗ್ಗೆ ಬಂದು ಸೈಕಲ್ ಒಯ್ಯುವುದಾಗಿ ಹೇಳಿದಳು.

ಇಂದು ಬೆಳಕಿನಲ್ಲಿ ನೋಡುವಾಗ ಸೀಟಿನ ಮೇಲೆ ಹೂವಿನ ಪ್ಲಾಸ್ಟಿಕ್ ಹೊದಿಕೆ ಕಂಡಿತು. ನನ್ನದು ನೀಲಿ. ಹೂವಿನದು ನಮ್ಮ ಪಕ್ಕದ ಮನೆಯ ವೀತ್ಸ್ಕೆಯದು, ಅವಳೂ ಹುಟ್ಟುಹಬ್ಬಕ್ಕೆ ಬಂದಿದ್ದಳು. ಹೋಗಿ ಬಾಗಿಲು ತಟ್ಟಿದೆ. ನನ್ನ ಸೈಕಲ್ ಅವಳ ಕೊಟ್ಟಿಗೆಯಲ್ಲಿತ್ತು, ಹಿಂಭಾಗಕ್ಕೆ ಟವೆಲ್ ಹೊದಿಸಿತ್ತು.

"ಅಯ್ಯೋ, ಇದು ನಿಂದಾ! ಎಂಥಾ ಹಟಮಾರಿ ದೀಪ ಕಣೇ, ನಿಲ್ಲಿಸಿದ್ರೂ ಉರೀತಾನೇ ಇತ್ತು. ಆರಿಸೋ ಗುಂಡಿ ಹುಡುಕಿ ಸಾಕಾಗಿ ಮುಚ್ಚಿಬಿಟ್ಟೆ" ಎಂದಳು.

"ನಿನ್ನ ದೀಪಕ್ಕೆ ಬ್ಯಾಟರಿ ಹಾಕಿ ಎಷ್ಟು ಕಾಲ ಆಯ್ತೇ?" ಎಂದು ಕೇಳಿದೆ.

"ಅದಕ್ಕೆ ಬ್ಯಾಟರಿ ಬೇರೆ ಹಾಕ್ಬೇಕಾ?" ಎಂದಳು.

ದಂಡದ ಬಗ್ಗೆ ನನ್ನ ತಕರಾರಿಲ್ಲ, ಓಡಿಸಿದವಳು ನಾನೇ. ಆದರೆ ನನ್ನ ದೀಪ ಕೆಟ್ಟಿತ್ತು ಎಂದು ಎಲ್ಲಿಯೂ ದಾಖಲಾಗಬಾರದು.

ಇಷ್ಟು ಬರೆಸುವಾಗ ಮಗಳು ಠಾಣೆಗೆ ಬಂದು, "ನಿನ್ನ ಸೈಕಲ್ ನಿಂಗೇ ಗುರುತು ಸಿಗ್ಲಿಲ್ವಾ ಅಮ್ಮಾ?" ಎಂದಳು. ಮೊದಲು ಒಯ್ದವಳು ವೀತ್ಸ್ಕೆ, ಇದನ್ನು ಅವಳ ಮಗಳು ಅವಳನ್ನು ಕೇಳಲಿ ಎಂದೆ. ಅಧಿಕಾರಿ, ನಾನು ಹತ್ತಿ ಬಂದು ಹೊರಗೆ ನಿಲ್ಲಿಸಿದ್ದ ನನ್ನ ಸೈಕಲ್ಲನ್ನು ಒಳಗೆ ತಂದು, ಎತ್ತಿ ಹಿಡಿದು ಚಕ್ರವನ್ನು ಜೋರಾಗಿ ತಿರುಗಿಸಿ ನಿಲ್ಲಿಸಿದರು. ದೀಪ ಉರಿಯಿತು. ಮಗಳು ಕೈ ಕಟ್ಟಿಕೊಂಡು ಅದು ಆರುವುದನ್ನೇ ಕಾಯುತ್ತಿದ್ದಾಳೆ.

ಬರೆದದ್ದನ್ನು ಓದಿ ಹೇಳಿದರು, ಕೇಳಿದೆ. ನಾನು ಹೇಳಿದ್ದೇ ಇದೆ, ಅಷ್ಟೂ ಸತ್ಯ. ಸಹಿ ಹಾಕುವ ಈ ಹೊತ್ತಿಗೂ ದೀಪ ಆರಿಲ್ಲ.

ಸ್ಥಳ: ಯೆಲ್ಸ್‌ವಾರ್ಡ್ ಠಾಣೆ
ದಿನಾಂಕ: 14 ನವೆಂಬರ್ 2019
ಸಹಿ: ಹಿ. ಪೋಸ್ತುಮಾ