ಮೂರು ಸಲ ಹೊಡೆಯದ ಗಂಟೆ

ಇದು ನನ್ನ ದೊಡ್ಡಪ್ಪನ ಮಗನಿಗೆ ಆದದ್ದು. ಅವನು ಲಿಫ್ಟ್ ರಿಪೇರಿ ಮಾಡುವವನು. ಜಗತ್ತಿನ ಯಾವ ವಿಚಿತ್ರ ಸದ್ದೂ ಗ್ರೀಸ್ ಹಾಕಿದರೆ ನಿಲ್ಲುತ್ತದೆ ಅನ್ನುವವರ ಪೈಕಿ. ಅದಕ್ಕೇ ಅವನು ಹೇಳಿದಾಗ ನಾನು ನಂಬಿದೆ. ನಿಮ್ಮ ಇಷ್ಟ ನಿಮಗೆ.

ಅತ್ತಿಗೆಯ ಅಪ್ಪ ಅಮ್ಮನ ಮದುವೆ ಒಂದು ಹಳೇ ಗಣಿ ಊರಿನ ಚರ್ಚಿನಲ್ಲಿ ಆಗಿತ್ತು. ಅದನ್ನೊಮ್ಮೆ ನೋಡಬೇಕು ಅಂತ ಅವಳಿಗೆ ಆಸೆ. ಆರು ವರ್ಷದ ಮಗಳನ್ನು ಕರೆದುಕೊಂಡು ಇಬ್ಬರೂ ಹೋದರು. ಬಾಗಿಲಲ್ಲಿ ‘ಐತಿಹಾಸಿಕ’ ಎಂದು ಫಲಕ. ಗಣಿ ಮುಚ್ಚಿ, ಮುಕ್ಕಾಲು ಜನ ಊರು ಬಿಟ್ಟು, ಆ ಕಾಲದ್ದರಲ್ಲಿ ಬೀಳದೆ ಉಳಿದದ್ದು ಇದೊಂದೇ ಕಟ್ಟಡ. ಅಷ್ಟುದ್ದ ಬರೆಯಲು ಫಲಕದಲ್ಲಿ ಜಾಗ ಇರಲಿಲ್ಲವೇನೋ. ಅತ್ತಿಗೆ ಒಂದೊಂದು ಬೆಂಚನ್ನೂ ಸವರಿ ನೋಡಿ ಹೊರಬರುವ ಹೊತ್ತಿಗೆ ಕತ್ತಲಾಗಿತ್ತು.

ಕೊನೇ ಬಸ್ಸಿಗೆ ನಡೆಯುವ ದಾರಿ ಗಣಿ ಬಾವಿಯ ಪಕ್ಕದಲ್ಲೇ. ನೀರಿನ ಬಾವಿಯಲ್ಲ. ಹಿಂದೆ ಆಳುಗಳನ್ನು ಕಬ್ಬಿಣದ ಬೋನಿನಲ್ಲಿ ನಿಲ್ಲಿಸಿ ಭೂಮಿಯೊಳಕ್ಕೆ ಇಳಿಸುತ್ತಿದ್ದ ಬಾವಿ. ಸುತ್ತ ತಂತಿಬೇಲಿ. ಬೇಲಿಯಲ್ಲಿ ಒಂದು ಆಡು ನುಗ್ಗುವಷ್ಟು ಕಿಂಡಿ.

ಆ ಕಿಂಡಿಯನ್ನು ಅಣ್ಣ ನೋಡಿದ್ದು ಆಮೇಲೆ... ಮಗಳು ಹಿಂದೆ ಬರುತ್ತಿಲ್ಲ ಅಂತ ಗೊತ್ತಾದ ಮೇಲೆ.

"ರೀ... ನಿಮ್ಮ ಜೊತೆ ಇದ್ಲಲ್ವಾ?"

"ನಿನ್ನ ಕೈ ಹಿಡ್ಕೊಂಡಿದ್ಲು."

ಇಬ್ಬರೂ ದನಿ ಏರಿಸಲಿಲ್ಲ.

ಇಬ್ಬರೂ ತಂತಿ ಎತ್ತಿ ಬೇಲಿಯೊಳಗೆ ನುಸುಳಿದರು. ಅಣ್ಣ ಮೊಬೈಲಿನ ಬೆಳಕು ಬಾವಿಯೊಳಗೆ ಬಿಟ್ಟ. ಬೆಳಕು ಹತ್ತಡಿ ಹೋಗಿ ಸುಸ್ತಾಯಿತು. ಕೂಗಿದ. ಕೂಗು ಕೆಳಗೆ ಹೋಯಿತು... ವಾಪಸ್ ಬರಲಿಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಅದು ದೆವ್ವದ ಕೆಲಸವಲ್ಲ, ಫೋನ್ ಕಂಪನಿಯದು.

"ಇಲ್ಲೇ ಇರು, ಅಂಚಿಗೆ ಹೋಗ್ಬೇಡ" ಎಂದು ಅತ್ತಿಗೆಗೆ ಹೇಳಿ ಚರ್ಚಿಗೆ ಓಡಿದ. ಗಂಟೆ ಹೊಡೆದರೆ ನಾಲ್ಕು ಜನ ಸೇರಿಯಾರು ಅಂತ. ಹಗ್ಗ ಮಣಭಾರ. ಜೋತುಬಿದ್ದು ಎಳೆದ. ಢಣ್... ಢಣ್... ಢಣ್. ಅಷ್ಟಕ್ಕೇ ತೋಳು ಸೋತವು.

ಬಂದದ್ದು ಒಬ್ಬನೇ. ಗಂಟೆ ಹೊಡೆಯುವ ಮುದುಕ, ಬನಿಯನ್ನಿನಲ್ಲಿ, ಟಾರ್ಚ್ ಹಿಡಿದು.

"ಎಷ್ಟು ಹೊಡೆದ್ರಿ?" ಪಿಸುಗುಟ್ಟಿದ.

"ಅಜ್ಜಾ, ನನ್ನ ಮಗಳು ಬಾವಿಗೆ..."

"ಎಷ್ಟು ಹೊಡೆದ್ರಿ ಅಂದೆ."

"ಮೂರು."

ಮುದುಕ ಬೆಂಚಿನ ಮೇಲೆ ಕುಸಿದು ಕೂತ.

ಆ ಊರಿನಲ್ಲಿ ಮೂರು ಹೊಡೆಯುವುದಿಲ್ಲವಂತೆ. ಪೂಜೆಗೆ ನಾಲ್ಕು, ಸಾವಿಗೆ ಐದು. ಕದ ತಟ್ಟುವವರೂ ಎರಡಕ್ಕೇ ಕೈ ಇಳಿಸುತ್ತಾರೆ. ಗಣಿಯ ಬೋನಿಗೆ ಗಂಟೆಯೇ ಅಪ್ಪಣೆ: ಒಂದು ಅಂದರೆ ನಿಲ್ಲಿಸು. ಎರಡು, ಇಳಿಸು. ಮೂರು ಅಂದರೆ ಒಳಗೆ ಜನ ಇದ್ದಾರೆ, ಮೇಲಕ್ಕೆ ಎಳೆ. ಮುದುಕ ಚಿಕ್ಕವನಿದ್ದಾಗ ಒಂದು ದಿನ ಗಣಿ ಕುಸಿಯಿತು. ಕೆಳಗಿನಿಂದ ಹನ್ನೊಂದು ಜನ ಮೂರು ಹೊಡೆದರು. ಮತ್ತೆ ಮೂರು... ಬೆಳಗಿನ ತನಕ. ಎಳೆದರೆ ಯಂತ್ರ ಹಾಳಾಗುತ್ತದೆ, ಎಳೆಯಬೇಡ ಎಂದು ಮೇಲಧಿಕಾರಿಗಳು ಹೇಳಿದರು. ಯಂತ್ರ ಹಾಳಾಗಲಿಲ್ಲ.

"ಯಂತ್ರದ ಮುಂದೆ ಕೂತಿದ್ದದ್ದು ನಮ್ಮಪ್ಪ" ಅಂದ ಮುದುಕ.

"ಈಗ ಎಳೀರಿ. ಕಾಲಿಗೆ ಬೀಳ್ತೀನಿ."

"ಯಂತ್ರ ಗುಜರಿಗೆ ಹೋಗಿ ಇಪ್ಪತ್ತು ವರ್ಷ ಆಯ್ತು, ಸ್ವಾಮಿ."

ಆಗ ಶುರುವಾಯಿತು. ಕಿರ್ರ್... ಟಕ್. ಕಿರ್ರ್... ಟಕ್.

ಅಣ್ಣನಿಗೆ ಆ ಸದ್ದು ಗೊತ್ತು. ಅವನು ಅನ್ನ ತಿನ್ನುವುದೇ ಅದರಿಂದ. ಉಕ್ಕಿನ ಹಗ್ಗ ಉರುಳೆಗೆ ಸುತ್ತಿಕೊಳ್ಳುವ ಸದ್ದು. ಬೋನು ಖಾಲಿಯಿದ್ದರೆ ಹಗ್ಗ ಗುಂಯ್‌ಗುಡುತ್ತದಂತೆ. ಇದು ನರಳುತ್ತಿತ್ತು. ತುಂಬಿದ ಬೋನು.

ಮುದುಕ ಎದ್ದು ಗಂಟೆಯ ಹಗ್ಗಕ್ಕೆ ಕೈ ಹಾಕಿದ. "ಒಂದು ಹೊಡೀತೀನಿ. ನಿಲ್ಲುತ್ತೆ."

ಅಣ್ಣ ಅವನ ಮಣಿಕಟ್ಟು ಹಿಡಿದ. "ನನ್ನ ಮಗಳು ಅದ್ರಲ್ಲಿದ್ರೆ?"

"ಬೇರೆಯವರೂ ಇರ್ತಾರೆ."

"ಇರ್ಲಿ ಬಿಡಿ."

"ನೀವೇನೋ ಅಂತೀರಿ. ಅವರಿಗೆ ಬೇಕಾಗಿರೋದು ನಾನು."

"ಅಜ್ಜಾ... ಆರು ವರ್ಷ ಅವಳಿಗೆ."

ಎಪ್ಪತ್ತು ದಾಟಿದ ಮುದುಕನ ಕೈಯನ್ನು ಅವನು ತಿರುಚಿ ಹಿಡಿದಿದ್ದ. ಈ ಭಾಗ ಹೇಳುವಾಗ ಅಣ್ಣ ನೆಲ ನೋಡುತ್ತಾನೆ. ಕೊನೆಗೆ ಮುದುಕ ತಾನಾಗಿಯೇ ಹಗ್ಗ ಬಿಟ್ಟ. ಟಾರ್ಚ್ ಆರಿಸಿದ.

ಘಡ್... ಬೋನಿನ ಬಾಗಿಲು. ಆಮೇಲೆ ಬೂಟುಗಳು. ಜಲ್ಲಿಯ ಮೇಲೆ... ಮೆಟ್ಟಿಲ ಮೇಲೆ... ಒಳಗೆ. ಒದ್ದೆ ಬೂಟು, ಚೊಳಕ್, ಚೊಳಕ್. ಕತ್ತಲಲ್ಲಿ ಬೆಂಚುಗಳು ಒಂದೊಂದಾಗಿ ಕಿರುಗುಟ್ಟಿದವು. ಅಣ್ಣ ಎಣಿಸಿದ. ಹನ್ನೊಂದು.

ಕಾದ... ಹನ್ನೆರಡನೆಯದು ಬರಲಿಲ್ಲ.

"ಸತ್ತವರು ಒಬ್ಬರು ಕಮ್ಮಿ ಬಂದರು ಅಂತ ಅತ್ತವನು ನಾನೊಬ್ಬನೇ ಇರಬೇಕು ಕಣೋ" ಎಂದ ನನ್ನ ಹತ್ತಿರ. ಅತ್ತದ್ದು ಸದ್ದಿಲ್ಲದೆ, ಬಾಯಿಗೆ ಅಂಗಿ ತುರುಕಿಕೊಂಡು.

"ಅಪ್ಪಾ, ಬಸ್ ಹೋಯ್ತಾ?"

ಪಕ್ಕದಲ್ಲೇ. ಮುದುಕ ಟಾರ್ಚ್ ಹಾಕಿದ. ಬೆಂಚುಗಳೆಲ್ಲ ಖಾಲಿ. ನಡುವಿನ ದಾರಿಯಲ್ಲಿ ಮಗಳೊಬ್ಬಳೇ. ಮೈಮೇಲೆ ಒಂದು ತರಚು ಗಾಯವೂ ಇಲ್ಲ.

"ಎಲ್ಲಿದ್ದೆ ಪುಟ್ಟಾ?"

"ಮಾಮ ಎತ್ಕೊಂಡಿದ್ರು. ಕೂತ್ಕೋ ಅಂದ್ರು, ಬೆಂಚು ಒದ್ದೆ ಇತ್ತು, ನಾನು ಕೂರಲ್ಲ ಅಂದೆ."

ಮುದುಕ ಮುಂದಿನ ಬೆಂಚಿನ ಎದುರು ಹೋಗಿ ಮಂಡಿಯೂರಿದ. "ನೀವು ಹೊರಡಿ" ಅಂದ, ತಿರುಗಿ ನೋಡದೆ. "ನಂದು ಇಲ್ಲಿ ಮಾತಾಡೋದಿದೆ."

ಅತ್ತಿಗೆ ಅಷ್ಟು ಹೊತ್ತೂ ಬಾವಿಯ ಅಂಚಿನಲ್ಲೇ ನಿಂತಿದ್ದಳು. ಗಂಟೆ ಮೂರು ಸಲ ಕೇಳಿಸಿತು ಅನ್ನುತ್ತಾಳೆ. ಬೇರೆ ಸದ್ದಿಲ್ಲ. ಬಾವಿಯಿಂದ ಒಂದು ನರಪಿಳ್ಳೆಯೂ ಮೇಲೆ ಬರಲಿಲ್ಲ. ಈ ವಿಷಯಕ್ಕೆ ಗಂಡ ಹೆಂಡತಿ ಇವತ್ತಿಗೂ ಜಗಳ ಆಡುತ್ತಾರೆ.

ಆದರೆ ಆ ರಾತ್ರಿ ಮನೆಗೆ ಬಂದ ಮೇಲೆ ಮಗಳ ಶೂ ಬಿಚ್ಚಲಾಗಲಿಲ್ಲ. ಯಾರೋ ಲೇಸನ್ನು, ಗಣಿಗೆ ಇಳಿಯುವವರ ಬೂಟಿನ ಹಾಗೆ, ಕಣಕಾಲಿಗೆ ಎರಡು ಸುತ್ತು ತಂದು, ಯಾವುದಕ್ಕೂ ಸಿಕ್ಕಿ ಎಡವದ ಹಾಗೆ ತುದಿಗಳನ್ನು ಒಳಗೆ ತುರುಕಿ, ಬಿಗಿಯಾಗಿ ಕಟ್ಟಿದ್ದರು. ಹಾಗೆ ಕಟ್ಟಲು ಅಣ್ಣನಿಗೂ ಬಾರದು, ಅತ್ತಿಗೆಗೂ ಬಾರದು. ಕೊನೆಗೆ ಶೂವನ್ನೇ ಕತ್ತರಿಸಿ ತೆಗೆದರು. ಅವರ ಮನೆ ಕಪಾಟಿನಲ್ಲಿ ಈಗಲೂ ಇದೆ. ನಾನೇ ಕೈಯಲ್ಲಿ ಹಿಡಿದು ನೋಡಿದ್ದೇನೆ. ಕಟ್ಟು ಇನ್ನೂ ಸಡಿಲವಾಗಿಲ್ಲ.